ಕೆರೆಯ ದಂಡೆ ಮತ್ತು ಊರಿನ ವಹಿ

ಜತ್ ತಾಲೂಕಿನ ಅಸಂಗಿಯಂಥ ಊರಿನ ಮಕ್ಕಳಿಗೆ ಕೆರೆಯ ಮೊದಲ ಪರಿಚಯ ಮಣ್ಣಿನ ಮೂಲಕ ಆಗುತ್ತದೆ. ಮಣ್ಣೆತ್ತಿನ ಅಮಾವಾಸ್ಯೆಗೆ ಕೆರೆಯಂಗಳದಿಂದ ತಂದ ಜಿಗುಟು ಮಣ್ಣಿನಲ್ಲಿ ಜೋಡೆತ್ತುಗಳು ಮೂಡುತ್ತವೆ. ಅದು ಮುಗಿಯುತ್ತಲೇ ಆಷಾಢದ ಮಂಗಳವಾರಗಳಿಗೆ ಗುಳ್ಳವ್ವ ಬರುತ್ತಾಳೆ. ಮುಂದೆ ನಾಗರಪಂಚಮಿ, ಶೀಗಿ ಹುಣ್ಣಿಮೆ, ಎಳ್ಳಮಾವಾಸ್ಯೆ ಹೀಗೆ ಹಬ್ಬಗಳ ಸಾಲಿನಲ್ಲಿ ಮಗು ಹೊಲ, ಹಳ್ಳ, ಕೆರೆಗಳ ಕಡೆಗೆ ನಡೆಯುತ್ತಲೇ ಇರುತ್ತದೆ. ಆದರೆ ಶಾಲೆಯ ಪರಿಸರ ಅಭ್ಯಾಸದ ತಾಸಿನಲ್ಲಿ ಇದೇ ಮಗುವಿಗೆ ಕೆರೆಯೆಂದರೆ ಪುಸ್ತಕದ ಒಂದು ಚಿತ್ರವಾಗಿ ಉಳಿಯುತ್ತದೆ. ಊರ ಹೊರಗಿನ ಕೆರೆಗೂ ಪುಸ್ತಕದ ಕೆರೆಗೂ ನಡುವೆ ಇರುವ ಈ ಅಂತರವನ್ನು ಕಡಿಮೆ ಮಾಡುವ ಕೆಲಸವನ್ನು ಶಾಲೆಯೂ ಪಾಲಕರೂ ಕೂಡಿ ಮಾಡಬಹುದು. ಅದಕ್ಕೆ ಕಾನೂನಿನ ಬೆಂಬಲವೂ ಇದೆ. ಆ ಬೆಂಬಲದ ಅರಿವು ಮಾತ್ರ ನಮ್ಮ ಹಳ್ಳಿಗಳಲ್ಲಿ ಕಡಿಮೆ.

ಈ ಭಾಗದ ಕೆರೆಗಳ ಜಾತಿಯನ್ನು ಮೊದಲು ತಿಳಿಯಬೇಕು. ಬೆಂಗಳೂರು, ಮೈಸೂರು ಸೀಮೆಗಳಲ್ಲಿ ಕೆರೆಯೆಂದರೆ ತೂಬು, ಕಾಲುವೆ, ಅಚ್ಚುಕಟ್ಟು ಎಲ್ಲವೂ ಕೂಡಿಬರುವ ಹಳೆಯ ವ್ಯವಸ್ಥೆ. ಮಹಾರಾಷ್ಟ್ರದ ಬರಪೀಡಿತ ತಾಲೂಕುಗಳಲ್ಲಿ ಹಾಗಲ್ಲ. 1972ರ ಭೀಕರ ಬರಗಾಲದಲ್ಲಿ ಜನರಿಗೆ ಕೂಲಿ ಒದಗಿಸಲು ಆರಂಭವಾದ ಕಾಮಗಾರಿಗಳಲ್ಲಿ ಪಾಝರ ತಲಾವಗಳು ದೊಡ್ಡ ಸಂಖ್ಯೆಯಲ್ಲಿ ಹುಟ್ಟಿದವು. ಪಾಝರ ಎಂದರೆ ಜಿನುಗುವಿಕೆ. ಇವಕ್ಕೆ ಕಾಲುವೆ ಇರುವುದಿಲ್ಲ; ನಿಂತ ನೀರು ನೆಲಕ್ಕೆ ಇಂಗಿ ಕೆಳಭಾಗದ ಬಾವಿಗಳಲ್ಲಿ ಮೇಲೇಳಬೇಕು, ಅಷ್ಟೇ. ಆದ್ದರಿಂದ ಇಂಥ ಕೆರೆ ಜನವರಿಯಲ್ಲಿ ತುಂಬಿದ್ದು ಏಪ್ರಿಲ್‌ನಲ್ಲಿ ಬರಿದಾದರೆ ಅದು ಕೆಟ್ಟಿತೆಂದು ಅರ್ಥವಲ್ಲ. ವರ್ಷದಲ್ಲಿ ಕೆಲವು ತಿಂಗಳು ನೀರು, ಕೆಲವು ತಿಂಗಳು ಕೆಸರು, ಉಳಿದ ತಿಂಗಳು ಬಿರುಕುಬಿಟ್ಟ ನೆಲ: ಈ ಮೂರೂ ಸ್ಥಿತಿಗಳಿಗೆ ಬೇರೆ ಬೇರೆ ಗಿಡ, ಹುಳ, ಹಕ್ಕಿಗಳಿವೆ. ನಗರದ ಉದ್ಯಾನವನದ ಮಾದರಿಯನ್ನು ಇಲ್ಲಿಗೆ ತಂದು, ಕೆರೆಯ ಸುತ್ತ ಸಿಮೆಂಟಿನ ಕಟ್ಟೆ ಕಟ್ಟಿ ಬಣ್ಣದ ಬೆಂಚು ಹಾಕಿದರೆ ನೋಡಲು ಚೆಂದ ಕಂಡೀತು. ಕೆಸರಿನಲ್ಲಿ ಮೇಯುವ ಹಕ್ಕಿಗೆ ಮಾತ್ರ ಜಾಗ ತಪ್ಪುತ್ತದೆ.

ಶ್ರಮದಾನ ಈ ನೆಲಕ್ಕೆ ಹೊಸದಲ್ಲ. ಗಾಂಧೀಜಿಯವರ ಜನ್ಮಶತಮಾನೋತ್ಸವದ ವರ್ಷವಾದ 1969ರ ಸೆಪ್ಟೆಂಬರ್ 24ರಂದು ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯ ವಿದ್ಯಾರ್ಥಿಗಳು ಎರಡು ವರ್ಷಗಳಲ್ಲಿ 240 ತಾಸು ಸೇವೆ ಸಲ್ಲಿಸಬೇಕೆಂಬ ನಿಯಮವಿದೆ. ಹಳ್ಳಿಗಳಲ್ಲಿ ನಡೆಯುವ ಅವರ ಏಳು ದಿನಗಳ ಶಿಬಿರಗಳನ್ನು ಬಹಳಷ್ಟು ಊರಿನವರು ಕಂಡಿದ್ದಾರೆ. 2017ರಲ್ಲಿ ಮಹಾರಾಷ್ಟ್ರ ಸರಕಾರ ಆರಂಭಿಸಿದ ‘ಗಾಳಮುಕ್ತ ಧರಣ, ಗಾಳಯುಕ್ತ ಶಿವಾರ’ ಯೋಜನೆಯಲ್ಲಿ ಕೆರೆಯ ಹೂಳನ್ನು ತೆಗೆದು ರೈತರ ಹೊಲಗಳಿಗೆ ಒಯ್ಯುವ ವ್ಯವಸ್ಥೆಯಾಯಿತು; ಬಡಕಲು ನೆಲಕ್ಕೆ ಗೋಡು ಸಿಕ್ಕಿತು, ಕೆರೆಗೆ ಆಳ ಸಿಕ್ಕಿತು. ಇವೆಲ್ಲ ಮೆಚ್ಚತಕ್ಕ ಕೆಲಸಗಳೇ.

ಆದರೆ ಶಾಲಾ ಮಕ್ಕಳ ಪಾಲಿಗೆ ಬರುವ ಪರಿಸರ ಸೇವೆ ಬಹುಮಟ್ಟಿಗೆ ಜೂನ್ 5ರ ಒಂದು ದಿನಕ್ಕೆ ಸೀಮಿತವಾಗಿದೆ. ಅಂದು ತಗ್ಗು ತೋಡುತ್ತಾರೆ, ಸಸಿ ಇಡುತ್ತಾರೆ, ಛಾಯಾಚಿತ್ರ ತೆಗೆಯುತ್ತಾರೆ. ದೀಪಾವಳಿಯ ಹೊತ್ತಿಗೆ ತಗ್ಗು ಉಳಿದಿರುತ್ತದೆ, ಸಸಿ ಇರುವುದಿಲ್ಲ. ಮರುವರ್ಷ ಅದೇ ತಗ್ಗಿಗೆ ಮತ್ತೊಂದು ಸಸಿ. ಇದಕ್ಕಿಂತ ಹೆಚ್ಚಿನ ಅಪಾಯವೆಂದರೆ ಉತ್ಸಾಹದ ಭರದಲ್ಲಿ ಕೆರೆಯ ಏರಿಯ ಮೇಲೆಯೇ ಗಿಡ ನೆಡುವುದು. ಮಣ್ಣಿನ ಏರಿಯೊಳಗೆ ಮರದ ಬೇರು ಇಳಿದು, ಮುಂದೆ ಆ ಮರ ಸತ್ತು ಬೇರು ಕೊಳೆತರೆ, ಆ ಪೊಳ್ಳಿನ ಮೂಲಕ ನೀರು ದಾರಿ ಮಾಡಿಕೊಳ್ಳುತ್ತದೆ. ಮಣ್ಣಿನ ಒಡ್ಡಿನ ಮೇಲೆ ಹುಲ್ಲು ಇರಲಿ, ಮರ ಬೇಡ ಎಂಬುದು ಎಂಜಿನಿಯರರ ಹಳೆಯ ನಿಯಮ. ಮರಗಳಿಗೆ ಏರಿಯಿಂದ ದೂರವಿರುವ ಕೆರೆಯ ಮೇಲ್ದಂಡೆಯೇ ಸರಿಯಾದ ಸ್ಥಳ, ಅದೂ ಬೇವು, ಕರಿಜಾಲಿ, ಬನ್ನಿ, ಹುಣಸೆಯಂಥ ಈ ನೆಲದ ಮರಗಳಿಗೆ.

ಕೆರೆಯ ಮರಗಳು ಏನು ಮಾಡಬಲ್ಲವೆಂಬುದಕ್ಕೆ ಗಡಿಯಾಚೆಯ ಎರಡು ಊರ ಕೆರೆಗಳನ್ನು ನೋಡಬಹುದು. ವಿಜಯನಗರ ಜಿಲ್ಲೆಯ ಹಗರಿಬೊಮ್ಮನಹಳ್ಳಿ ತಾಲೂಕಿನ ಅಂಕಸಮುದ್ರ ನೀರಾವರಿಗಾಗಿ ಕಟ್ಟಿದ ಸಾಮಾನ್ಯ ಹಳ್ಳಿಗೆರೆ. ಅದರ ಅಂಗಳದಲ್ಲಿ ನೀರನ್ನು ತಾಳಿಕೊಂಡು ನಿಂತ ಜಾಲಿಮರಗಳ ಮೇಲೆ ಬಣ್ಣದ ಕೊಕ್ಕರೆ ಮೊದಲಾದ ಹಕ್ಕಿಗಳು ಗೂಡು ಕಟ್ಟುತ್ತವೆ. ಗದಗ ಜಿಲ್ಲೆಯ ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆ ಇನ್ನೂ ಚಿಕ್ಕದು, ಸುಮಾರು 54 ಹೆಕ್ಟೇರಿನದು. ಆದರೆ ಚಳಿಗಾಲದಲ್ಲಿ ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳು ಸಾವಿರಾರು ಸಂಖ್ಯೆಯಲ್ಲಿ ಅಲ್ಲಿ ಇಳಿಯುತ್ತವೆ. 2024ರ ಜನವರಿ ಕೊನೆಯಲ್ಲಿ ಈ ಎರಡೂ ಕೆರೆಗಳು ಅಂತರರಾಷ್ಟ್ರೀಯ ಮಹತ್ವದ ರಾಮ್‌ಸರ್ ಪಟ್ಟಿಯಲ್ಲಿ ಸೇರಿದುವು. ಅಂಥ ಪಟ್ಟಿಯಲ್ಲಿ ಒಂದು ಕೆರೆಯ ಹೆಸರು ಬರಬೇಕಾದರೆ ಅಲ್ಲಿ ಯಾವ ಹಕ್ಕಿ, ಎಷ್ಟು, ಯಾವ ತಿಂಗಳಲ್ಲಿ ಎಂಬ ಲೆಕ್ಕ ಬೇಕು. ಆ ಲೆಕ್ಕವನ್ನು ಯಾರೋ ವರ್ಷವರ್ಷವೂ ದಂಡೆಯ ಮೇಲೆ ನಿಂತು ಬರೆದಿರಬೇಕು.

ಈ ಬರವಣಿಗೆಯೇ ಶಾಲಾ ಮಕ್ಕಳಿಗೆ ಒಪ್ಪುವ ಸೇವೆ. 1987ರಿಂದ ಪ್ರತಿವರ್ಷ ಜನವರಿಯಲ್ಲಿ ಏಶಿಯಾದ ನೀರುಹಕ್ಕಿಗಳ ಗಣತಿ ನಡೆಯುತ್ತ ಬಂದಿದೆ; ಅದರಲ್ಲಿ ಕೆಲಸ ಮಾಡುವವರಲ್ಲಿ ಬಹುಪಾಲು ಸ್ವಯಂಸೇವಕರು. ಮರಗಳಿಗಾಗಿ ‘ಸೀಸನ್‌ವಾಚ್’ ಎಂಬ ಯೋಜನೆಯಿದೆ. ಮಗುವೊಂದು ಒಂದು ಮರವನ್ನು ಆರಿಸಿಕೊಂಡು ವಾರಕ್ಕೊಮ್ಮೆ ಅದರ ಚಿಗುರು, ಹೂವು, ಕಾಯಿಗಳನ್ನು ಗುರುತುಮಾಡಿಡಬೇಕು. ಕೇರಳದ ಶಾಲೆಗಳು ಇದರಲ್ಲಿ ಬಹಳ ಮುಂದಿವೆ. ದುಬಾರಿ ದುರ್ಬೀನು ಇಲ್ಲದಿದ್ದರೂ ನಡೆಯುತ್ತದೆ. ನಾಲ್ಕು ಮಕ್ಕಳ ಗುಂಪು, ಒಂದು ವಹಿ, ಒಂದು ಪೆನ್ಸಿಲು, ಬೆಳಗಿನ ಅರ್ಧ ತಾಸು ಸಾಕು. ಹಿಂಡು ದೊಡ್ಡದಿದ್ದರೆ ಹತ್ತು ಹಕ್ಕಿಗಳನ್ನು ಎಣಿಸಿ, ಅಷ್ಟು ಹಕ್ಕಿ ಆಕ್ರಮಿಸುವ ಜಾಗವನ್ನು ಕಣ್ಣಳತೆ ಮಾಡಿಕೊಂಡು, ಹಿಂಡಿನಲ್ಲಿ ಅಂಥ ಎಷ್ಟು ಪಾಲುಗಳಿವೆಯೆಂದು ಅಂದಾಜಿಸುವುದು ರೂಢಿಯ ಕ್ರಮ. ಗಣಿತದ ಗುರುಗಳು ಇದನ್ನು ಕಲಿಸಲು ಸಂತೋಷಪಟ್ಟಾರು. ಕೆರೆ ಒಣಗಿದ ವರ್ಷ ಯಾವ ಹಕ್ಕಿಯೂ ಬಾರದಿದ್ದರೆ ಸೊನ್ನೆಯನ್ನೇ ಬರೆಯಬೇಕು. ಬರದ ತಾಲೂಕಿನಲ್ಲಿ ಆ ಸೊನ್ನೆಗೆ ಬೆಲೆಯಿದೆ. ಹತ್ತು ವರ್ಷಗಳ ಬಳಿಕ ನೀರು ಬಂದ ವರ್ಷವನ್ನೂ ಬಾರದ ವರ್ಷವನ್ನೂ ಬೇರ್ಪಡಿಸಿ ತೋರಿಸುವುದು ಅದೇ.

ಹೀಗೆ ಬರೆದ ವಹಿ ಶಾಲೆಯ ಕಪಾಟಿನಲ್ಲಿ ಗೆದ್ದಲಿಗೆ ಆಹಾರವಾಗಬಾರದು. ಅದು ಸೇರಬೇಕಾದ ಸ್ಥಳವನ್ನು ಶಾಸನವೇ ಹೇಳಿದೆ. 2002ರ ಜೀವವೈವಿಧ್ಯ ಅಧಿನಿಯಮದ 41ನೆಯ ಕಲಮಿನ ಪ್ರಕಾರ ಪ್ರತಿಯೊಂದು ಸ್ಥಳೀಯ ಸಂಸ್ಥೆಯೂ ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನು ರಚಿಸಬೇಕು. ಸ್ಥಳೀಯ ಜನರೊಡನೆ ಸಮಾಲೋಚಿಸಿ ಜನತಾ ಜೀವವೈವಿಧ್ಯ ದಾಖಲೆಯನ್ನು ಸಿದ್ಧಪಡಿಸುವುದು ಆ ಸಮಿತಿಯ ಮುಖ್ಯ ಕೆಲಸವೆಂದು 2004ರ ನಿಯಮಗಳು ಹೇಳಿದ್ದವು. ಮಹಾರಾಷ್ಟ್ರದ ಪಂಚಾಯಿತಿಗಳಲ್ಲಿ ಇದಕ್ಕೆ ‘ಲೋಕ ಜೈವವಿವಿಧತಾ ನೋಂದವಹಿ’ ಎಂದು ಹೆಸರು. ಊರಿನ ಬೆಳೆ, ತಳಿ, ಗಿಡ, ಮರ, ಮೀನು, ಹಕ್ಕಿ, ದನಕರುಗಳ ವಿವರ, ಅವುಗಳ ಬಗ್ಗೆ ಊರಿನವರಿಗಿರುವ ತಿಳಿವಳಿಕೆ ಎಲ್ಲವೂ ಅದರಲ್ಲಿ ಬರಬೇಕು. ಈ ಕಲ್ಪನೆಗೆ ರೂಪ ಕೊಟ್ಟವರಲ್ಲಿ ಪ್ರಮುಖರಾದ ಮಾಧವ ಗಾಡ್ಗೀಳರು ಪುಣೆಯಲ್ಲಿ ಹುಟ್ಟಿದವರು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದುಡಿದವರು. 1990ರ ದಶಕದಲ್ಲಿ ಪಶ್ಚಿಮಘಟ್ಟದ ಊರುಗಳಲ್ಲಿ ಅವರು ಈ ಕೆಲಸಕ್ಕೆ ಜೊತೆ ಮಾಡಿಕೊಂಡದ್ದು ಕಾಲೇಜುಗಳ ಅಧ್ಯಾಪಕರನ್ನು, ವಿದ್ಯಾರ್ಥಿಗಳನ್ನು ಮತ್ತು ಹಳ್ಳಿಗರನ್ನು.

ಶಾಸನ ಬಂದು ಒಂದೂವರೆ ದಶಕ ಕಳೆದರೂ ದೇಶದ ಬಹುತೇಕ ಪಂಚಾಯಿತಿಗಳಲ್ಲಿ ಈ ವಹಿಯೇ ಇರಲಿಲ್ಲ. ಆಗ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರ ಆಗಸ್ಟ್ 9ರ ಆದೇಶದಲ್ಲಿ 2020ರ ಜನವರಿ 31ರ ಗಡುವನ್ನು ವಿಧಿಸಿತು. ತಪ್ಪಿದ ರಾಜ್ಯ ತಿಂಗಳಿಗೆ 10 ಲಕ್ಷ ರೂಪಾಯಿ ಕಟ್ಟಬೇಕೆಂದಿತು. ದಂಡದ ಭಯಕ್ಕೆ ದೇಶದಾದ್ಯಂತ ವಹಿಗಳು ಭರದಿಂದ ಸಿದ್ಧವಾದವು. ಒಂದೂವರೆ ದಶಕದಲ್ಲಿ ಆಗದ ಕೆಲಸ ಕೆಲವು ತಿಂಗಳಲ್ಲಿ ಆಯಿತೆಂದರೆ ಅದರ ಗುಣದ ಬಗ್ಗೆ ಸಂಶಯ ಹುಟ್ಟುವುದು ಸಹಜ. ಒಂದು ಊರಿನ ಪುಟವನ್ನು ಇನ್ನೊಂದು ಊರಿಗೆ ನಕಲು ಮಾಡಿದರೆ ಪತ್ತೆಹಚ್ಚುವವರು ಯಾರು? ಆ ಊರಿನ ಕೆರೆಯನ್ನು ಕಣ್ಣಾರೆ ನೋಡಿ ಬರೆದಿಟ್ಟವರು ಮಾತ್ರ. ಈ ದಾಖಲೆ ಒಮ್ಮೆ ಬರೆದು ಮುಚ್ಚಿಡುವಂಥದಲ್ಲ, ಕಾಲಕಾಲಕ್ಕೆ ಪರಿಷ್ಕರಿಸಬೇಕಾದದ್ದು. ಆದ್ದರಿಂದ ಇಂದಿಗೂ ಅದರಲ್ಲಿ ಹೊಸ ಪುಟಕ್ಕೆ ಜಾಗವಿದೆ.

ಕನ್ನಡ ಶಾಲೆಗಳ ಪಾಲಕರಿಗೆ ಇಲ್ಲಿಯೇ ಒಂದು ವಿಶೇಷ ಹೊಣೆ ಬರುತ್ತದೆ. ದಾಖಲೆಯ ನಮೂನೆಯಲ್ಲಿ ವೈಜ್ಞಾನಿಕ ಹೆಸರಿನ ಕಾಲಮ್ಮಿನ ಜೊತೆಗೆ ಸ್ಥಳೀಯ ಹೆಸರಿನ ಕಾಲಮ್ಮೂ ಇದೆ. ಪಂಚಾಯಿತಿಯ ಕಾರಭಾರ ಮರಾಠಿಯಲ್ಲಿ ನಡೆಯುವುದರಿಂದ ಆ ಕಾಲಮ್ಮಿನಲ್ಲಿ ಸಹಜವಾಗಿ ಬಾಭೂಳ, ನಿರ್ಗುಡಿ, ತರವಡ, ಟಿಟವಿ, ಬಗಳಾ, ಸುಗರಣ ಎಂದು ಬರುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ. ಮರಾಠಿ ಈ ರಾಜ್ಯದ ಭಾಷೆ. ಆದರೆ ಕನ್ನಡ ಮನೆಗಳಲ್ಲಿ ಅವು ಜಾಲಿ, ಲಕ್ಕಿ, ತಂಗಡಿ, ಟಿಟ್ಟಿಭ, ಬೆಳ್ಳಕ್ಕಿ, ಗೀಜಗ. ಸ್ಥಳೀಯ ಹೆಸರೆಂದರೆ ಆ ಸ್ಥಳದ ಜನ ಕರೆಯುವ ಹೆಸರು. ಊರಿನ ಜನ ಎರಡು ಹೆಸರುಗಳಿಂದ ಕರೆದರೆ ಎರಡೂ ಅಲ್ಲಿ ಅಕ್ಕಪಕ್ಕದಲ್ಲಿ ಬರಬೇಕು. ಇದು ಭಾಷೆಯ ಜಗಳವಲ್ಲ, ದಾಖಲೆ ಪೂರ್ಣವಾಗಬೇಕೆಂಬ ಸಾದಾ ಬೇಡಿಕೆ. ಜತ್ತಿನ ಹೆಸರು ಎರಡೂ ರಾಜ್ಯಗಳ ಪತ್ರಿಕೆಗಳಲ್ಲಿ ಏಳುವುದು ಗಡಿ ಮತ್ತು ನೀರಿನ ವಾಗ್ವಾದ ಎದ್ದಾಗ ಮಾತ್ರ. ಆ ಗದ್ದಲದಲ್ಲಿ ಇಂಥ ಚಿಕ್ಕ ಕಾಲಮ್ಮು ಯಾರ ಕಣ್ಣಿಗೂ ಬೀಳುವುದಿಲ್ಲ.

ಹೆಸರು ಬರೆಯುವಾಗ ಒಂದು ಎಚ್ಚರ ಬೇಕು. ಮಕ್ಕಳು ಪುಸ್ತಕದ ಹೆಸರನ್ನು ಸರಿಯೆಂದೂ ಮನೆಯ ಹೆಸರನ್ನು ತಪ್ಪೆಂದೂ ತಿಳಿಯುತ್ತಾರೆ. ಗಡಿಭಾಗದ ಕನ್ನಡವೆಂದರೆ ಕಲಬೆರಕೆ ಎಂಬ ಕೀಳರಿಮೆಯೂ ಅದಕ್ಕೆ ಸೇರಿಕೊಳ್ಳುತ್ತದೆ. ಕನ್ನಡದೊಳಗೇ ಒಂದೇ ಗಿಡ ಒಂದು ಸೀಮೆಯಲ್ಲಿ ತಂಗಡಿ, ಇನ್ನೊಂದರಲ್ಲಿ ಆವರಿಕೆ; ಒಂದೇ ಹಕ್ಕಿ ಕೆಂಬೂತ, ಸಾಂಬಾರಗಾಗೆ, ರತ್ನಪಕ್ಷಿ. ಮರಾಠಿಯವರು ಅದನ್ನೇ ಭಾರದ್ವಾಜ ಎನ್ನುತ್ತಾರೆ. ಇವುಗಳಲ್ಲಿ ಯಾವುದೂ ಅಶುದ್ಧವಲ್ಲ. ಅಜ್ಜಿ ಹೇಳಿದ ಹೆಸರನ್ನು ಅವಳು ಉಚ್ಚರಿಸಿದಂತೆಯೇ ಬರೆದು, ಪಕ್ಕದಲ್ಲಿ ಪುಸ್ತಕದ ಹೆಸರನ್ನು ಸೇರಿಸುವುದು ಸರಿಯಾದ ಕ್ರಮ.

ಈ ಕೆಲಸದ ದೊಡ್ಡ ಮೇಲ್ಪಂಕ್ತಿ ನೆರೆಯ ಸೊಲ್ಲಾಪುರದಲ್ಲಿಯೇ ಇದೆ. ಅಲ್ಲಿ 1932ರಲ್ಲಿ ಹುಟ್ಟಿದ ಮಾರುತಿ ಚಿತಮಪಲ್ಲಿ ಅರಣ್ಯ ಇಲಾಖೆಯ ಅಧಿಕಾರಿಯಾಗಿ ಕಾಡಿನಲ್ಲಿ ಆಯುಷ್ಯ ಕಳೆದರು. ಕಾಡಿನ ಜನರ ಬಾಯಿಂದ ಹಕ್ಕಿ, ಮರ, ಪ್ರಾಣಿಗಳ ಹೆಸರುಗಳನ್ನು ಕೇಳಿ ಕೂಡಿಹಾಕಿದರು; ಅವರ ‘ಪಕ್ಷಿಕೋಶ’ದಿಂದ ಮರಾಠಿಯ ಪಕ್ಷಿನಾಮಗಳಿಗೆ ಗಟ್ಟಿಯಾದ ನೆಲೆ ದೊರೆಯಿತು. 2025ರಲ್ಲಿ ಪದ್ಮಶ್ರೀ ಬಂದಿತು; ಅದೇ ವರ್ಷದ ಜೂನ್‌ನಲ್ಲಿ ಅವರು ತೀರಿಕೊಂಡರು. ಗಡಿನಾಡಿನ ಕನ್ನಡ ಹೆಸರುಗಳಿಗೆ ಒಬ್ಬ ಚಿತಮಪಲ್ಲಿ ಹುಟ್ಟುವವರೆಗೆ ಕಾಯಬೇಕಿಲ್ಲ. ಕೆರೆಯ ದಂಡೆಯ ನಲವತ್ತು ಹೆಸರುಗಳನ್ನು ಏಳನೆಯ ಇಯತ್ತೆಯ ಮಕ್ಕಳು ಒಂದು ವರ್ಷದಲ್ಲಿ ಕೂಡಿಹಾಕಬಲ್ಲರು. ಅವುಗಳನ್ನು ಹೇಳಬಲ್ಲ ಹಿರಿಯರು ಮಾತ್ರ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ.

ಹೆಸರಿನ ಜೊತೆ ಉಪಯೋಗವನ್ನೂ ಬರೆಯುವಾಗ ಇನ್ನೊಂದು ಸೂಕ್ಷ್ಮವಿದೆ. ಊರಿನ ನಾಟಿ ವೈದ್ಯರಿಗೆ ಮನೆತನದಿಂದ ಬಂದ ಔಷಧದ ತಿಳಿವಳಿಕೆಯನ್ನು ಅವರ ಒಪ್ಪಿಗೆಯಿಲ್ಲದೆ ಮಕ್ಕಳ ವಹಿಯಲ್ಲಿ ಬರೆದು ಹಂಚಬಾರದು. ಏಕೆಂದರೆ ಈ ದಾಖಲೆಯ ಹಿಂದೆ ಹಣದ ಪ್ರಶ್ನೆಯೂ ಇದೆ. ವ್ಯಾಪಾರಕ್ಕಾಗಿ ಊರಿನ ಜೈವಿಕ ಸಂಪತ್ತನ್ನು ಒಯ್ಯುವವರಿಂದ ಶುಲ್ಕ ಪಡೆಯಲು ಅದೇ 41ನೆಯ ಕಲಮು ಸಮಿತಿಗೆ ಅವಕಾಶ ಕೊಟ್ಟಿದೆ. ಲಾಭದಲ್ಲಿ ಸ್ಥಳೀಯ ಜನರಿಗೆ ನ್ಯಾಯವಾದ ಪಾಲು ಸಲ್ಲಬೇಕೆಂಬ ತತ್ತ್ವವನ್ನು 2018ರ ಡಿಸೆಂಬರ್‌ನಲ್ಲಿ ಉತ್ತರಾಖಂಡದ ಉಚ್ಚ ನ್ಯಾಯಾಲಯ ದಿವ್ಯ ಫಾರ್ಮಸಿಯ ಪ್ರಕರಣದಲ್ಲಿ ಎತ್ತಿಹಿಡಿದಿದೆ. ಊರಿನಲ್ಲಿ ಏನಿದೆಯೆಂಬುದೇ ಬರೆದಿಲ್ಲದಿದ್ದರೆ ಪಾಲು ಕೇಳುವುದು ಯಾವುದರ ಆಧಾರದ ಮೇಲೆ?

ಸ್ವಯಂಸೇವೆಗೆ ಕಾಗದದ ಬಲ ಎಷ್ಟು ಬೇಕೆಂಬುದನ್ನು ಬೆಂಗಳೂರಿನ ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆಯ ಕಥೆ ತೋರಿಸುತ್ತದೆ. ಬತ್ತಿಹೋಗುತ್ತಿದ್ದ ಆ ಚಿಕ್ಕ ಕೆರೆಯನ್ನು ಉಳಿಸಲು ಸುತ್ತಲಿನ ನಿವಾಸಿಗಳು 2010ರಲ್ಲಿ ಒಂದು ಟ್ರಸ್ಟ್ ಕಟ್ಟಿದರು. ಮರುವರ್ಷ ಮಹಾನಗರ ಪಾಲಿಕೆಯೊಡನೆ ನಿರ್ವಹಣೆಯ ಒಪ್ಪಂದ ಮಾಡಿಕೊಂಡರು. ಕಳೆ ತೆಗೆಯುವುದು, ಗಿಡ ನೆಡುವುದು, ಹಕ್ಕಿಗಳ ಪಟ್ಟಿ ಇಡುವುದು, ಶಾಲಾ ಮಕ್ಕಳನ್ನು ಕರೆತರುವುದು ಎಲ್ಲವೂ ಆ ಒಪ್ಪಂದದ ಆಸರೆಯಲ್ಲಿ ನಡೆದವು. ಖಾಸಗಿ ಕಂಪನಿಗಳೊಡನೆ ಕೆರೆಗಳ ಒಪ್ಪಂದ ಮಾಡಿಕೊಳ್ಳುವುದಕ್ಕೆ 2020ರ ಮಾರ್ಚ್‌ನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ತಡೆ ಹಾಕಿದ ಬಳಿಕ, ಕಂಪನಿಗಳಲ್ಲದ ಇಂಥ ನಾಗರಿಕ ಸಂಘಗಳ ಒಪ್ಪಂದಗಳೂ ಅನಿಶ್ಚಿತತೆಗೆ ಸಿಲುಕಿದವು. ವರ್ಷಗಟ್ಟಲೆ ದುಡಿದವರೇ ತಮ್ಮ ಅಧಿಕಾರ ಏನೆಂದು ಕೇಳಬೇಕಾಯಿತು. ನಗರದ ಆ ಸಂಘಕ್ಕೆ ಒಪ್ಪಂದ ಬೇಕಾಯಿತು. ಹಳ್ಳಿಗೆ ಅದರ ಅಗತ್ಯವಿಲ್ಲ, ಗ್ರಾಮಸಭೆಯೂ ಶಾಸನಬದ್ಧ ಸಮಿತಿಯೂ ಮೊದಲೇ ಇವೆ. ಈ ಅನುಕೂಲ ಹಳ್ಳಿಯ ಕಡೆಗಿದೆ.

ಕೆರೆಯ ಜಾಗ ಯಾರದೆಂಬ ಪ್ರಶ್ನೆಗೂ ವಹಿ ಉತ್ತರ ಕೊಡಬಲ್ಲದು. ಮಹಾರಾಷ್ಟ್ರ ಭೂಕಂದಾಯ ಸಂಹಿತೆ 1966ರ 20ನೆಯ ಕಲಮಿನ ಪ್ರಕಾರ, ಖಾಸಗಿಯವರ ಸ್ವತ್ತೆಂದು ಸಿದ್ಧವಾಗದ ಹಳ್ಳ, ನಾಲೆ, ಕೆರೆಗಳೆಲ್ಲ ಸರಕಾರದವು. 50ನೆಯ ಕಲಮು ಅತಿಕ್ರಮಣ ತೆಗೆಯುವ ಅಧಿಕಾರವನ್ನು ಕೊಡುತ್ತದೆ. ಆದರೂ ಬೇಸಗೆಯಲ್ಲಿ ಒಣಗಿದ ಕೆರೆಯಂಗಳ ಮೊದಲು ಜೋಳದ ಹೊಲವಾಗುತ್ತದೆ, ಆಮೇಲೆ ಬೇಲಿ ಬರುತ್ತದೆ. ಪಂಜಾಬಿನ ಪಟಿಯಾಲಾ ಜಿಲ್ಲೆಯ ಒಂದು ಹಳ್ಳಿಯ ಹೊಂಡದ ಜಾಗದ ಮೇಲೆ ಮನೆ ಕಟ್ಟಿದವರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2011ರ ಜನವರಿ 28ರಂದು ಅವರನ್ನು ತೆರವುಗೊಳಿಸಲು ಹೇಳಿತು. ಊರಿನ ಸಾಮೂಹಿಕ ಜಾಗಗಳ ಅತಿಕ್ರಮಣ ತೆಗೆಯಲು ಎಲ್ಲ ರಾಜ್ಯಗಳೂ ಯೋಜನೆ ರೂಪಿಸಬೇಕೆಂದೂ ನಿರ್ದೇಶಿಸಿತು. ಇಂಥ ಪ್ರಕರಣಗಳಲ್ಲಿ 7/12 ಉತಾರೆಯ ಜೊತೆಗೆ, ಇಂತಿಂಥ ವರ್ಷ ನೀರು ಇಲ್ಲಿಯವರೆಗೆ ನಿಂತಿತ್ತು, ಇಲ್ಲಿ ಇಂಥ ಹಕ್ಕಿಗಳಿದ್ದವು ಎಂದು ದಿನಾಂಕಸಹಿತ ಬರೆದ ದಾಖಲೆ ಇದ್ದರೆ ವಾದಕ್ಕೆ ಬಲ ಬರುತ್ತದೆ. ಅದನ್ನು ಬರೆದವರು ಹನ್ನೆರಡು ವರ್ಷದ ಮಕ್ಕಳೆಂಬುದು ಅದರ ಬೆಲೆಯನ್ನು ತಗ್ಗಿಸಲಾರದು. ಸಂವಿಧಾನದ 51ಎ(ಜಿ) ವಿಧಿ ಅರಣ್ಯ, ಸರೋವರ, ನದಿ, ವನ್ಯಜೀವಿಗಳನ್ನು ಕಾಪಾಡುವುದು ಪ್ರತಿಯೊಬ್ಬ ನಾಗರಿಕನ ಕರ್ತವ್ಯವೆಂದಾಗ ವಯಸ್ಸಿನ ಮಿತಿ ಹಾಕಿಲ್ಲ.

ಇಷ್ಟಾದರೂ ಮಕ್ಕಳು ಮಕ್ಕಳೇ, ನೀರು ನೀರೇ. ಹೂಳು ತೆಗೆಯಲು ಯಂತ್ರ ಇಳಿದ ಕೆರೆಗಳಲ್ಲಿ ತಳ ಸಮನಾಗಿರುವುದಿಲ್ಲ. ಮೊಣಕಾಲುದ್ದದ ನೀರಿನಿಂದ ಒಂದೇ ಹೆಜ್ಜೆಗೆ ಆಳವಾದ ತಗ್ಗು ಎದುರಾಗಬಹುದು, ಮೇಲಿನಿಂದ ಅದು ಕಾಣುವುದಿಲ್ಲ. ಆದ್ದರಿಂದ ವೀಕ್ಷಣೆಯ ದಿನ ಯಾವ ಮಗುವೂ ನೀರಿಗಿಳಿಯಬಾರದು, ಈಜು ಬಲ್ಲ ಇಬ್ಬರು ಹಿರಿಯರಾದರೂ ಜೊತೆಗಿರಬೇಕು, ಹಗ್ಗ ಕೈಯಲ್ಲಿರಬೇಕು. ಪಾಲಕರ ಲಿಖಿತ ಒಪ್ಪಿಗೆಯನ್ನು ಮುಖ್ಯಾಧ್ಯಾಪಕರು ಪಡೆದಿರಬೇಕು. ಹುಲ್ಲಿನಲ್ಲಿ ಹಾವು ಇರುತ್ತದೆ, ಬರಿಗಾಲು ಬೇಡ. ಒಡೆದ ಬಾಟಲಿ, ಸೂಜಿಗಳನ್ನು ಹೆಕ್ಕುವ ಕೆಲಸ ದೊಡ್ಡವರದು. ಗೂಡಿನ ಹತ್ತಿರ ಹೋಗಿ ಮೊಟ್ಟೆ ಮುಟ್ಟುವುದನ್ನು ಮಾತ್ರ ಯಾವ ಕಾರಣಕ್ಕೂ ಕ್ಷಮಿಸಬಾರದು.

ಆರಂಭಕ್ಕೆ ಜನವರಿಗಿಂತ ಒಳ್ಳೆಯ ತಿಂಗಳಿಲ್ಲ. ಆಗ ನೀರಿದೆ, ವಲಸೆಹಕ್ಕಿಗಳಿವೆ, ಗಣತಿಯ ಕಾಲವೂ ಅದೇ. ಮಹಾರಾಷ್ಟ್ರದಲ್ಲಿ ವರ್ಷಕ್ಕೆ ಕನಿಷ್ಠ ನಾಲ್ಕು ಗ್ರಾಮಸಭೆಗಳು ನಡೆಯಬೇಕು. ಅವುಗಳಲ್ಲೊಂದು ರೂಢಿಯಂತೆ ಜನವರಿ 26ರ ಸುತ್ತ ಬರುತ್ತದೆ. ಅದಕ್ಕೆ ಮುನ್ನ ಪಾಲಕರು ಗ್ರಾಮಸೇವಕರ ಬಳಿಗೆ ಹೋಗಿ ಊರಿನ ನೋಂದವಹಿಯನ್ನು ತೋರಿಸಲು ಕೇಳಬಹುದು. ತೋರಿಸದಿದ್ದರೆ 2005ರ ಮಾಹಿತಿ ಹಕ್ಕು ಅಧಿನಿಯಮದಡಿ ಅರ್ಜಿ ಕೊಡಬಹುದು; ಅದಕ್ಕೆ 30 ದಿನಗಳಲ್ಲಿ ಉತ್ತರ ಬರಬೇಕು. ಆ ಅರ್ಜಿ ಮರಾಠಿ, ಹಿಂದಿ ಅಥವಾ ಇಂಗ್ಲಿಷಿನಲ್ಲಿರಬೇಕೆಂಬುದು ಶಾಸನದ ನಿಯಮ, ಕನ್ನಡದಲ್ಲಿ ಬರೆದು ತಿರಸ್ಕಾರಕ್ಕೆ ನೆಪ ಕೊಡುವುದರಲ್ಲಿ ಜಾಣತನವಿಲ್ಲ. ಮಕ್ಕಳ ಪಟ್ಟಿ ಮಾತ್ರ ಎರಡು ಭಾಷೆಗಳಲ್ಲಿರಲಿ: ಮೊದಲ ಕಾಲಮ್ಮಿನಲ್ಲಿ ಕನ್ನಡ ಹೆಸರು, ಎರಡನೆಯದರಲ್ಲಿ ಮರಾಠಿ ಹೆಸರು, ಮೂರನೆಯದರಲ್ಲಿ ಕಂಡ ದಿನಾಂಕ ಮತ್ತು ಸಂಖ್ಯೆ, ಕೊನೆಗೆ ಹೆಸರು ಹೇಳಿದ ಹಿರಿಯರ ಸಹಿ ಅಥವಾ ಹೆಬ್ಬೆರಳ ಗುರುತು. ಪಟ್ಟಿಯನ್ನು ಸಮಿತಿಯ ವಹಿಗೆ ಸೇರಿಸಬೇಕೆಂಬ ವಿನಂತಿಯನ್ನು ಗ್ರಾಮಸಭೆಯ ವಿಷಯಪತ್ರಿಕೆಯಲ್ಲಿ ಹಾಕಿಸಬೇಕು. ಎರಡು ಪ್ರತಿಗಳನ್ನು ಮಾಡಿ, ಒಂದನ್ನು ಪಂಚಾಯಿತಿಗೆ ಕೊಟ್ಟು, ಇನ್ನೊಂದರ ಮೇಲೆ ದಿನಾಂಕ ಮತ್ತು ಶಿಕ್ಕೆ ಸಹಿತ ಪೋಚ್ ಪಡೆದು ಶಾಲೆಯ ದಫ್ತರದಲ್ಲಿ ಇಡಬೇಕು.